ಹೊಸ ಪಾಸ್‌ವರ್ಡ್

ಫೆಬ್ರವರಿಯ ಒಂದು ಸಂಜೆ ನೊರೀನ್ ಕೆಲಸ ಮುಗಿಸಿ ಬಂದು, ಬಾಗಿಲ ಮುಂದೆ ನಿಂತು ಬೂಟಿನ ಹಿಮ ಒದರುತ್ತಿದ್ದಾಗ, ಗೋಡೆಯ ಮೇಲಿನ ಕರೆಗಂಟೆಯೊಳಗಿಂದ ಅವಳ ಗಂಡ ಮಾತಾಡಿದ.

“ಯಾಕೆ ಇವತ್ತು ಇಷ್ಟು ಲೇಟು?”

ಅವಳ ಕೈಯಲ್ಲಿದ್ದ ಹಾಲಿನ ಕ್ಯಾನು ಜಾರಿ ಬಿತ್ತು. ತಿರುಗಿ ನೋಡಿದರೆ ಬೀದಿಯಲ್ಲಿ ಯಾರೂ ಇರಲಿಲ್ಲ. ಎದುರುಮನೆಯ ಕಾರಿನ ಮೇಲೆ ಹಿಮ ಬೀಳುತ್ತಿತ್ತು, ಅಷ್ಟೆ.

“ಎಲ್ಲಿ ಹುಡುಕ್ತಾ ಇದೀಯ? ಮೊದ್ಲು ಹಾಲು ಎತ್ಕೊ, ಚೆಲ್ತಾ ಇದೆ.”

ಕೀಲಿಕೈ ಬೀಗದೊಳಗೆ ಹೋಗಲೊಲ್ಲದು. ಸದ್ದು ಕೇಳಿ ಅತ್ತೆ ಬ್ರೋನ್ಯಾ ಕುಂಟುತ್ತ ಬಂದು ಬಾಗಿಲು ತೆರೆದಳು. ನೊರೀನ್ ಅವಳನ್ನು ತಳ್ಳಿಕೊಂಡೇ ಒಳಗೆ ನುಗ್ಗಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ಡ್ವೇನ್ ಮಾತಾಡ್ದ. ಗಂಟೆಯಿಂದ ಮಾತಾಡ್ದ!”

“ಗಂಟೆಯಿಂದನಾ?” ಎಂದಳು ಬ್ರೋನ್ಯಾ. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ಮಗನ ಹೆಸರು ಕೇಳಿದಾಗಲೆಲ್ಲ ಬರುವ ಒಂದು ಬೆಳಕು ಬಂದು ಹೋಯಿತು. “ಏನಂದ? ಹುಷಾರಾಗಿದಾನಂತಾ?”

ಆ ಗಂಟೆಯನ್ನು ಹಾಕಿಸಿದವನು ಡ್ವೇನೇ. ಬಾಗಿಲಲ್ಲಿ ಬಿಟ್ಟುಹೋದ ಪಾರ್ಸೆಲ್‌ಗಳು ಕಳುವಾಗುತ್ತಿದ್ದ ಕಾಲದಲ್ಲಿ ತಂದು ಬಿಗಿದಿದ್ದ. ಅಂಗೈಯಗಲದ ಕಪ್ಪು ಪೆಟ್ಟಿಗೆ, ಅದರಲ್ಲೊಂದು ಕ್ಯಾಮೆರಾ, ಒಂದು ಗುಂಡಿ. ಯಾರು ಬಂದರೂ ಮನೆಯ ವೈಫೈ ಮೂಲಕ ಅವನ ಫೋನಿನಲ್ಲಿ ಕಾಣುತ್ತಿದ್ದರು. ಅವನು ಯಾವ ಊರಿನಲ್ಲಿದ್ದರೂ ಅಲ್ಲಿಂದಲೇ ಮಾತಾಡಬಹುದಿತ್ತು. ನವೆಂಬರಿನಲ್ಲಿ ಅವನು ನೊರೀನಳನ್ನು ಅಡುಗೆಮನೆಯ ಕಪಾಟಿಗೆ ಎತ್ತಿ ಒಗೆದು ಭುಜದ ಮೂಳೆ ಮುರಿದಾಗ, ಕೋರ್ಟು ಅವನನ್ನು ಮನೆಯಿಂದ ಹೊರಗೆ ಹಾಕಿತು. ಮನೆಯ ಹತ್ತಿರ ಸುಳಿಯಬಾರದು, ಹೆಂಡತಿಯ ಜೊತೆ ಮಾತಾಡಬಾರದು ಎಂದು ಆದೇಶವಾಯಿತು. ಬೀಗ ಬದಲಾಯಿತು. ಅವನ ಬಟ್ಟೆಗಳನ್ನು ಕಪ್ಪು ಚೀಲಗಳಲ್ಲಿ ತುಂಬಿ ಅವನ ಗೆಳೆಯನ ಮನೆಗೆ ಕಳಿಸಿದ್ದಾಯಿತು. ಗಂಟೆ ಮಾತ್ರ ಯಾರಿಗೂ ನೆನಪಾಗಲಿಲ್ಲ. ಚಳಿಗಾಲವಿಡೀ ಅದು ಬಾಗಿಲ ಪಕ್ಕದಲ್ಲೇ ಇತ್ತು, ಅವನು ನೋಡುತ್ತಲೇ ಇದ್ದ.

ಆ ಸಂಜೆ ಊಟಕ್ಕೆ ಬಾರ್ಲಿ ಸೂಪು. ಟೆಸ್ಸಾ ತಟ್ಟೆಗಳನ್ನಿಟ್ಟಳು. ಹದಿನಾರರ ಹುಡುಗಿ, ಅಪ್ಪನ ಹಾಗೆ ಉದ್ದ ಕೈಕಾಲು. ನೊರೀನ್ ಸೂಪು ಮುಟ್ಟದೆ ಎದ್ದು ಡ್ರಾಯರಿನಲ್ಲಿ ಸ್ಕ್ರೂಡ್ರೈವರ್ ಹುಡುಕತೊಡಗಿದಳು.

“ಅದನ್ನ ಕಿತ್ತು ಕಸಕ್ಕೆ ಹಾಕ್ತೀನಿ.”

“ಮುಟ್ಬೇಡ,” ಎಂದಳು ಬ್ರೋನ್ಯಾ. “ದಿನಾ ಹಗಲು ಈ ಮನೇಲಿ ಒಬ್ಬಳೇ ಇರೋಳು ಯಾರು? ನೀನಾ? ಯಾರು ಬಂದ್ರು ಅಂತ ನೋಡೋಕೆ ನಾನು ಈ ಸೊಂಟ ಇಟ್ಕೊಂಡು ಕಿಟಕಿಗೆ ಓಡ್ಬೇಕಾ? ನನ್ನ ಟ್ಯಾಬ್ಲೆಟ್‌ನಲ್ಲಿ ಕಾಣುತ್ತೆ, ಕೂತಲ್ಲೇ ಕಾಣುತ್ತೆ.”

“ಅವನಿಗೂ ಕಾಣುತ್ತೆ ಮಾ!”

“ಕಂಡ್ರೆ ಏನಾಯ್ತು? ತಾಯಿ ಬದುಕಿದಾಳಾ ಅಂತ ನೋಡ್ತಾನೆ.”

“ಅವನು ನೋಡ್ತಿರೋದು ನಿಮ್ಮನ್ನ ಅಲ್ಲ.”

“ಮನೆ ನನ್ನದು,” ಎಂದಳು ಬ್ರೋನ್ಯಾ. ಚಮಚವನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ಟೆಸ್ಸಾ ತಲೆಯೆತ್ತಿದಳು. “ನನ್ನ ಗಂಡ ರೈಲು ಎಂಜಿನ್ ಕಾರ್ಖಾನೇಲಿ ಕಿವಿ ಕಳ್ಕೊಂಡು ಕಟ್ಟಿದ ಮನೆ. ಗೋಡೆಗೆ ಏನಿರಬೇಕು, ಏನಿರಬಾರದು ಅಂತ ನಾನು ಹೇಳ್ತೀನಿ.”

ನೊರೀನ್ ಡ್ರಾಯರು ಮುಚ್ಚಿದಳು. ಗಂಡನನ್ನು ಹೊರಗೆ ಹಾಕಿ ಅವನ ತಾಯಿಯ ಸೂರಿನಡಿ ಉಳಿದವಳು ಅವಳು. ನವೆಂಬರಿನಲ್ಲಿ ಬ್ರೋನ್ಯಾಳೇ, “ಮಗು ಸ್ಕೂಲಿಗೆ ಹೋಗ್ತಿದೆ, ಇಲ್ಲೇ ಇರಿ. ಯಾರ ಜೊತೆ ಊಟ ಮಾಡ್ಲಿ ನಾನು?” ಎಂದಿದ್ದಳು. ಆದರೆ ಪೋಲೀಸರು ಕೇಳಿದಾಗ, “ಸದ್ದು ಕೇಳಿಸ್ತು, ಕಣ್ಣಾರೆ ನೋಡ್ಲಿಲ್ಲ” ಎಂದಿದ್ದಳು. ಸೊಸೆಯ ಮೈ ಕಪಾಟಿಗೆ ಬಡಿದಾಗ ಅವಳು ಒಲೆಯ ಮುಂದೆಯೇ ನಿಂತಿದ್ದಳು. ಇದು ಇಬ್ಬರಿಗೂ ಗೊತ್ತು. ಇಬ್ಬರೂ ಅದರ ಬಗ್ಗೆ ಮಾತಾಡಿರಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ಟೆಸ್ಸಾ.

“ವೈಫೈ ಬದಲಾಯಿಸಿದ್ರೆ ಗಂಟೆ ತಾನಾಗೇ ಸತ್ತು ಹೋಗುತ್ತೆ, ಮಾಮ್. ಆಮೇಲೆ ನಿನ್ನ ಹೆಸರಲ್ಲಿ ಹೊಸದಾಗಿ ಸೇರಿಸೋಣ. ಬೂಶಾಗೂ ಕಾಣುತ್ತೆ, ಡ್ಯಾಡ್‌ಗೆ ಕಾಣಲ್ಲ.”

ಬೂಶಾ ಎಂದರೆ ಸರೋವರದ ದಂಡೆಯ ನಮ್ಮ ಈರಿ ಊರಿನ ಪೋಲಿಷ್ ಮನೆಗಳಲ್ಲಿ ಅಜ್ಜಿ. ಬೂಶಾ ಗೊಣಗಿದಳು, ಬೇಡ ಎನ್ನಲಿಲ್ಲ.

ಮುಂದಿನ ವಾರ ಬೇರೊಂದು ಇಂಟರ್ನೆಟ್ ಕಂಪನಿಯವನು ಬಂದು ಹೊಸ ವೈಫೈ ಪೆಟ್ಟಿಗೆಯೊಂದನ್ನು ಹಜಾರದ ಮೂಲೆಯಲ್ಲಿಟ್ಟು ಹೋದ. ಹೊಸ ಹೆಸರು, ಹೊಸ ಪಾಸ್‌ವರ್ಡ್. ಅದು ಪೆಟ್ಟಿಗೆಯ ತಳದಲ್ಲಿ ಅಂಟಿಸಿದ ಚೀಟಿಯಲ್ಲೇ ಇತ್ತು. ಶನಿವಾರ ಬೆಳಿಗ್ಗೆ ಟೆಸ್ಸಾ ಗಂಟೆಯನ್ನು ಗೋಡೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡಳು. ಚಾರ್ಜು ಮಾಡಿ, ಹಿಂಬದಿಯ ಗುಂಡಿ ಒತ್ತಿ, ಅಮ್ಮನ ಫೋನನ್ನು ಅದರ ಬೆನ್ನಿಗೆ ಹಿಡಿದಳು. ಗಂಟೆಯ ಸುತ್ತ ಬಿಳಿ ದೀಪ ಗಿರ್ರನೆ ತಿರುಗಿತು. ನೊರೀನ್ ಮಗಳ ಹೆಗಲ ಮೇಲಿಂದ ನೋಡುತ್ತಿದ್ದಳು. ಫೋನಿನಲ್ಲಿ ಒಂದು ಸಾಲು ಬಂತು: ಈ ಸಾಧನ ಬೇರೊಬ್ಬರ ಖಾತೆಗೆ ಸೇರಿದೆ.

“ಹಂಗಂದ್ರೆ?”

“ಡ್ಯಾಡ್ ಬಿಟ್ಟುಕೊಡೋವರೆಗೂ ನಮ್ಮದಾಗಲ್ಲ ಅಂತ.”

ನೊರೀನ್ ಗಂಟೆಯ ಕಂಪನಿಗೆ ಫೋನು ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. “ಮಾಲೀಕರೇ ಅದನ್ನ ಖಾತೆಯಿಂದ ತೆಗೀಬೇಕು ಮೇಡಂ. ನೀವು ಅವರಿಗೆ ಒಂದು ಮಾತು ಹೇಳಿದ್ರೆ ಆಗುತ್ತಲ್ವಾ?”

“ಅವನ ಜೊತೆ ಮಾತಾಡೋ ಹಾಗಿಲ್ಲ. ಕೋರ್ಟಿನ ಆದೇಶ ಇದೆ.”

“ಹಾಗಾದ್ರೆ ಆದೇಶದ ಪ್ರತಿ ಕಳಿಸಿ ಮೇಡಂ, ಸಂಬಂಧಪಟ್ಟ ವಿಭಾಗ ನೋಡುತ್ತೆ.”

ಕಳಿಸಿದಳು. ಉತ್ತರ ಬರಲಿಲ್ಲ. ಮನೆಯಲ್ಲಿ ಗಂಟೆಯೇ ಇಲ್ಲದಂತಾಗಬಾರದು, ಗುಂಡಿ ಒತ್ತಿದರೆ ಒಳಗೆ ಸದ್ದಾದರೂ ಆಗುತ್ತದೆ ಎಂದು ಬ್ರೋನ್ಯಾ ಹಟ ಹಿಡಿದದ್ದಕ್ಕೆ ಟೆಸ್ಸಾ ಅದನ್ನು ಮತ್ತೆ ಗೋಡೆಗೇ ತಿರುಪಿದಳು. ವೈಫೈ ಇಲ್ಲದ ಗಂಟೆ ಕುರುಡು ಗಂಟೆ ತಾನೆ ಎಂದು ನೊರೀನ್ ಒಪ್ಪಿಕೊಂಡಳು. ಬ್ರೋನ್ಯಾಳ ಟ್ಯಾಬ್ಲೆಟ್ಟಿನಲ್ಲಿ ಬಾಗಿಲಿದ್ದ ಜಾಗ ಕಪ್ಪಾಯಿತು.

ಮಾರ್ಚಿನ ಆ ವಾರಗಳಲ್ಲಿ ನೊರೀನ್ ಸ್ವಲ್ಪ ಉಸಿರಾಡಿದಳು. ಶಾಲೆಯೊಂದರ ಅಡುಗೆಮನೆಯಲ್ಲಿ ಅವಳ ಕೆಲಸ. ಅವಳ ಕಾರು ಕೆಟ್ಟು ನಿಂತಿದ್ದರಿಂದ, ಅದೇ ಶಾಲೆಯಲ್ಲಿ ನೆಲ ಒರೆಸುವ ಲೈಲ್ ಎಂಬವನು ಸಂಜೆ ತನ್ನ ಟ್ರಕ್ಕಿನಲ್ಲಿ ತಂದು ಬಿಡುತ್ತಿದ್ದ. ಹೆಂಡತಿ ತೀರಿಕೊಂಡ, ಮಾತು ಕಡಿಮೆಯ ಮನುಷ್ಯ. ಒಂದು ದಿನ ಮೆಟ್ಟಿಲಿಗೆ ಎರಚುವ ಉಪ್ಪಿನ ಮೂಟೆಯನ್ನು ಹೊತ್ತು ತಂದು ಬಾಗಿಲ ಬಳಿ ಇಳಿಸಿದ. ನೊರೀನ್ ಒಳಗೆ ಕರೆದಳು. ಅವನು ಟೋಪಿ ತೆಗೆದು ಕೂತು ಎಲೆಕೋಸಿನಲ್ಲಿ ಸುತ್ತಿದ ಮಾಂಸದ ಸುರುಳಿ ಎರಡು ತಿಂದು, “ತುಂಬ ಚೆನ್ನಾಗಿದೆ, ಅಮ್ಮಾ” ಎಂದು ಬ್ರೋನ್ಯಾಳಿಗೆ ಹೇಳಿ ಹೋದ.

“ಯಾರವನು?” ಎಂದಳು ಬ್ರೋನ್ಯಾ ಬಾಗಿಲು ಮುಚ್ಚುವುದನ್ನೇ ಕಾದು.

“ಜೊತೇಲಿ ಕೆಲ್ಸ ಮಾಡೋನು.”

“ನನ್ನ ಮಗ ಕೂರ್ತಿದ್ದ ಕುರ್ಚಿ ಅದು.”

“ಬೇರೆ ಕುರ್ಚಿ ಮೇಲೆ ನಿಮ್ಮ ಬಟ್ಟೆ ಇತ್ತು ಮಾ, ಅದಕ್ಕೆ ಅಲ್ಲಿ ಕೂತ,” ಎಂದು ನೊರೀನ್ ನಕ್ಕಳು.

“ನಗೋದು ಕಲ್ತಿದೀಯ ಈಗ. ಒಳ್ಳೇದು.”

ಟೆಸ್ಸಾ ಎದ್ದು ತನ್ನ ಕೋಣೆಗೆ ಹೋದಳು. ಅವಳಿಗೆ ಅಮ್ಮ, ಬೂಶಾ ಇಬ್ಬರ ಮೇಲೂ ಸಿಟ್ಟು. ಭಾನುವಾರಗಳಲ್ಲಿ ಮಗಳ ಜೊತೆ ಫೋನಿನಲ್ಲಿ ಮಾತಾಡಲು ಕೋರ್ಟು ಡ್ವೇನ್‌ಗೆ ಅವಕಾಶ ಕೊಟ್ಟಿತ್ತು. ಶಾಲೆಯ ಬಗ್ಗೆ, ಹಾಕಿ ಆಟದ ಬಗ್ಗೆ ಮಾತಾಡುತ್ತಿದ್ದ ಅಪ್ಪ ಈ ಸಲ ಸುಮ್ಮನೆ ನಡುವೆ ಕೇಳಿದ್ದ:

“ಹೊಸ ವೈಫೈ ಹಾಕಿಸಿದೀರಂತೆ. ಪಾಸ್‌ವರ್ಡ್ ಏನು, ಪುಟ್ಟಾ?”

“ಯಾಕೆ?”

“ಬೂಶಾಗೆ ಬಾಗಿಲು ಕಾಣ್ತಿಲ್ಲ ಅಂತ ಅಳ್ತಿದ್ಲು. ಸರಿ ಮಾಡಿಕೊಡೋಣ ಅಂತ.”

“ನಂಗೊತ್ತಿಲ್ಲ ಡ್ಯಾಡ್. ಮಾಮ್ ಹತ್ರ ಇದೆ.”

“ನೀನೂ ಅವಳ ಕಡೆ ಆದೆಯಾ?”

ಟೆಸ್ಸಾ ಫೋನಿಟ್ಟಳು. ಅಪ್ಪ ಕೇಳಿದ್ದನ್ನು ಅಮ್ಮನಿಗೆ ಹೇಳಿದರೆ ಭಾನುವಾರದ ಫೋನೂ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ.

ಒಂದು ಬುಧವಾರ ಬೆಳಿಗ್ಗೆ, ಸೊಸೆ ಮೊಮ್ಮಗಳು ಇಬ್ಬರೂ ಹೋದ ಮೇಲೆ, ಯಾರೋ ಗಂಟೆ ಒತ್ತಿದರು. ಬ್ರೋನ್ಯಾ ಗೋಡೆ ಹಿಡಿದು ಹಿಡಿದು ಬಂದು ಬಾಗಿಲು ತೆರೆದಳು. ಮಗ ನಿಂತಿದ್ದ. ಗಡ್ಡ ಬೆಳೆದಿತ್ತು, ಕೈಗವಸು ಇರಲಿಲ್ಲ.

“ಒಳಗೆ ಬರಲ್ಲ ಮಾ, ಹೆದರ್ಬೇಡ. ಇಲ್ಲೇ ನಿಂತಿರ್ತೀನಿ.”

“ಯಾರಾದ್ರೂ ನೋಡಿದ್ರೆ ಹಿಡ್ಕೊಂಡು ಹೋಗ್ತಾರಲ್ಲೋ!”

“ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತು.” ಅವನ ಕಣ್ಣಲ್ಲಿ ನೀರಿತ್ತು. “ಅವಳು ಬೇಕು ಅಂತಲೇ ಗಂಟೆ ಕೊಂದಳು. ನೀನು ಒಬ್ಬಳೇ ಇರ್ತೀಯ. ಬಿದ್ರೆ? ನಂಗೆ ಹೆಂಗೆ ಗೊತ್ತಾಗ್ಬೇಕು? ಒಂದು ಪಾಸ್‌ವರ್ಡ್ ಕೊಡು, ಸಾಕು. ನಾನು ಮಾತಾಡಲ್ಲ, ಸುಮ್ನೆ ನೋಡ್ತೀನಿ. ನಿನ್ನನ್ನ, ಟೆಸ್ಸಾನ.”

ಬ್ರೋನ್ಯಾ ಹಜಾರಕ್ಕೆ ಹೋದಳು. ಸೊಂಟ ಬಗ್ಗಿಸಿ ಪೆಟ್ಟಿಗೆಯನ್ನು ತಲೆಕೆಳಗು ಮಾಡಿದಳು. ಕನ್ನಡಕ ಹಾಕಿಕೊಂಡರೂ ಅಕ್ಷರ ಸಣ್ಣದು. ಅಲ್ಲಿಂದಲೇ ಕೂಗಿ ಕೂಗಿ ಓದಿದಳು. “ದೊಡ್ಡ ಕೆ. ಆಮೇಲೆ ಏಳು. ಆಮೇಲೆ ಸೊನ್ನೆನೋ ಓ-ನೋ ಕಾಣಲ್ಲ.”

“ಸೊನ್ನೆ ಹಾಕ್ತೀನಿ. ಮುಂದಕ್ಕೆ ಹೇಳು.”

ತಪ್ಪಾಯಿತು. ಮತ್ತೊಮ್ಮೆ ಓದಿದಳು. ಬಾಗಿಲಿನಿಂದ ಚಳಿ ನುಗ್ಗಿ ಮನೆಯೆಲ್ಲ ತಣ್ಣಗಾಯಿತು. ಅವನು ಹೊರಗೆ ಗಂಟೆಯ ಮುಂದೆ ಫೋನು ಹಿಡಿದು ನಿಂತಿದ್ದ, ಅವಳು ಒಳಗೆ ನೆಲದ ಮೇಲೆ ಕೂತಿದ್ದಳು. ಮೂರನೆಯ ಸಲಕ್ಕೆ ಗಂಟೆಯ ಸುತ್ತ ನೀಲಿ ದೀಪ ಹೊಳೆದು ಆರಿತು.

“ಬಂತು ಮಾ! ಬಂತು! ನಿನ್ನ ಟ್ಯಾಬ್ಲೆಟ್ ನೋಡು.”

ಅಡುಗೆಮನೆಯ ಮೇಜಿನ ಮೇಲೆ ಕಪ್ಪಾಗಿದ್ದ ಪರದೆಯಲ್ಲಿ ಬಾಗಿಲು ಮತ್ತೆ ಮೂಡಿತ್ತು. ಬಾಗಿಲ ಮುಂದೆ ಮಗ ನಿಂತು ಕೈಬೀಸುತ್ತಿದ್ದ. ಬ್ರೋನ್ಯಾ ಪರದೆಯ ಮೇಲೆ ಅವನ ಮುಖವನ್ನು ಬೆರಳಿನಿಂದ ಮುಟ್ಟಿದಳು. ಒಂದು ಡಬ್ಬಿಯಲ್ಲಿ ಮಾಂಸದ ಸುರುಳಿಗಳನ್ನು ತುಂಬಿ ಅವನ ಕೈಗಿತ್ತು ಕಳಿಸಿದಳು.

ಡ್ವೇನ್ ಮಾತಿಗೆ ತಪ್ಪಲಿಲ್ಲ. ಮಾತಾಡಲಿಲ್ಲ. ನೊರೀನ್ ದಿನಾ ಲೈಲ್‌ನ ಟ್ರಕ್ಕಿನಿಂದ ಇಳಿದಳು. ಒಂದು ಸಂಜೆ ಮೆಟ್ಟಿಲಲ್ಲಿ ಜಾರಿದಾಗ ಅವನು ಅವಳ ತೋಳು ಹಿಡಿದುಕೊಂಡ. ಇನ್ನೊಂದು ಸಂಜೆ ಇಬ್ಬರೂ ಬಾಗಿಲ ಮುಂದೆ ನಿಂತು ಯಾವುದಕ್ಕೋ ನಕ್ಕರು. ಗಂಟೆ ಸುಮ್ಮನಿತ್ತು.

ಗೊತ್ತಾದದ್ದು ಏಪ್ರಿಲ್ ಮೊದಲಲ್ಲಿ. ನೊರೀನ್ ಒಳಗೆ ಬಂದು ಚೀಲವಿಳಿಸುವಾಗ ಅತ್ತೆ ಸ್ನಾನದ ಕೋಣೆಯಲ್ಲಿದ್ದಳು. ಮೇಜಿನ ಮೇಲೆ ಆಲೂಗಡ್ಡೆ ಸಿಪ್ಪೆಯ ಪಕ್ಕದಲ್ಲಿ ಟ್ಯಾಬ್ಲೆಟ್ ತೆರೆದಿತ್ತು. ಅದರಲ್ಲಿ ಲೈಲ್‌ನ ಟ್ರಕ್ಕು ಹಿಂದಕ್ಕೆ ಸರಿದು ಬೀದಿಗಿಳಿಯುತ್ತಿತ್ತು.

ಅವಳು ಟ್ಯಾಬ್ಲೆಟ್ ಕೈಗೆತ್ತಿಕೊಂಡಳು. ಟ್ರಕ್ಕು ಮೂಲೆ ತಿರುಗಿತು. ಪರದೆಯಲ್ಲಿ ಖಾಲಿ ಮೆಟ್ಟಿಲು ಉಳಿಯಿತು.

“ಮಾ!”

ಬ್ರೋನ್ಯಾ ಕೈ ಒರೆಸಿಕೊಳ್ಳುತ್ತ ಬಂದಳು. ಸೊಸೆಯ ಕೈಯಲ್ಲಿ ಟ್ಯಾಬ್ಲೆಟ್ ನೋಡಿ ನಿಂತಳು.

“ಯಾರು ಸರಿ ಮಾಡಿದ್ದು ಇದನ್ನ? ಟೆಸ್ಸಾ! ಇಲ್ಲಿ ಬಾ!”

“ಅವಳಲ್ಲ. ನಾನು.”

“ನಿಮಗೆ ಟೀವಿ ರಿಮೋಟ್ ಸೆಲ್ ಹಾಕೋಕೆ ಬರಲ್ಲ. ಅವನು ಬಂದಿದ್ನಾ? ಈ ಮನೆಗೆ ಬಂದಿದ್ನಾ?”

“ಹೊರಗೇ ನಿಂತಿದ್ದ. ಕಾಲು ಕೂಡ ಒಳಗಿಡ್ಲಿಲ್ಲ. ನಿನ್ನ ಆದೇಶ ಏನೂ ಕೆಟ್ಟುಹೋಗಿಲ್ಲ.”

“ಯಾವತ್ತು?”

“ಮರೆತೆ.”

“ಯಾವತ್ತು ಮಾ? ಎಷ್ಟು ವಾರದಿಂದ ನೋಡ್ತಿದಾನೆ?”

“ತಾಯಿ ಕಣೇ ನಾನು!” ಬ್ರೋನ್ಯಾ ಕೂಗಿದಳು. “ನಿನ್ನ ಹೊಟ್ಟೇಲಿ ಹುಟ್ಟಿದ್ದು ಬಾಗಿಲಲ್ಲಿ ಅಳ್ತಾ ನಿಂತ್ರೆ ನೀನೇನು ಮಾಡ್ತಿದ್ದೆ?”

“ಅವತ್ತು ನೀವು ಒಲೆ ಮುಂದೇನೇ ಇದ್ರಿ,” ಎಂದಳು ನೊರೀನ್. ಧ್ವನಿ ಏರಿಸಲಿಲ್ಲ. “ನನ್ನ ಮೂಳೆ ಮುರಿದಿದ್ದು ನೋಡಿದ್ರಿ. ಆಮೇಲೆ ಗ್ಯಾಸ್ ಆರಿಸಿದ್ರಿ, ಸೂಪು ಸೀದು ಹೋಗುತ್ತೆ ಅಂತ. ನಾನು ನೆಲದ ಮೇಲಿಂದ ನೋಡ್ತಾ ಇದ್ದೆ.”

ಟೆಸ್ಸಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಬೆರಳಿನ ಉಗುರು ಕಚ್ಚುತ್ತಿದ್ದಳು.

“ನಂಗೂ ಕೇಳಿದ್ರು ಡ್ಯಾಡ್, ಪಾಸ್‌ವರ್ಡ್,” ಎಂದಳು. “ನಾನು ಕೊಡ್ಲಿಲ್ಲ. ನಿಂಗೆ ಹೇಳ್ಳೂ ಇಲ್ಲ.”

ನೊರೀನ್ ಮಗಳತ್ತ ನೋಡಿದಳು, ಬಯ್ಯಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ಹೊರಗೆ ಹೋಗಿ ಗಂಟೆಯನ್ನು ಗೋಡೆಯ ಪ್ಲಾಸ್ಟಿಕ್ಕಿನ ಸಮೇತ ಕಿತ್ತಳು. ಮೆಟ್ಟಿಲ ಕಲ್ಲಿನ ಮೇಲಿಟ್ಟು ಹಿಮ್ಮಡಿಯಿಂದ ತುಳಿದಳು. ಅದು ಒಡೆಯುವವರೆಗೂ ತುಳಿದಳು. ಈ ಸಲ ಬ್ರೋನ್ಯಾ ಮನೆ ಯಾರದು ಎಂಬ ಮಾತೆತ್ತಲಿಲ್ಲ.

ಪೋಲೀಸು ಬಂದ. ಎಳೆಯ ಹುಡುಗ, ಬೂಟು ಒರೆಸಿಕೊಂಡು ಒಳಗೆ ಬಂದ.

“ಅವನು ಇಲ್ಲಿಗೆ ಬಂದಿದ್ದನ್ನ ನೋಡಿದವರು ಯಾರು?”

“ನಮ್ಮತ್ತೆ.”

ಅವನು ಬ್ರೋನ್ಯಾಳ ಕಡೆ ತಿರುಗಿದ. “ಅಮ್ಮಾ, ನಿಮ್ಮ ಮಗ ಬಂದಿದ್ರಾ?”

ಬ್ರೋನ್ಯಾ ಮೇಜಿನ ಬಟ್ಟೆಯ ಅಂಚು ನೇವರಿಸುತ್ತ ಕೂತಿದ್ದಳು. “ಯಾರೂ ಬಂದಿಲ್ಲ. ಅವನು ಫೋನಲ್ಲಿ ಹೇಳ್ಕೊಟ್ಟ, ನಾನೇ ಜೋಡಿಸ್ದೆ.”

“ಮಾ!”

“ನಾನೇ ಜೋಡಿಸ್ದೆ.”

ಹುಡುಗ ಇಬ್ಬರನ್ನೂ ಒಂದು ಕ್ಷಣ ನೋಡಿದ. ವರದಿ ಬರೆದುಕೊಂಡ. ಗಂಟೆಯ ಕಂಪನಿಯಿಂದ ದಾಖಲೆ ತರಿಸಬಹುದು, ಆದರೆ ತಡವಾಗುತ್ತದೆ ಎಂದ. ಹೋಗುವಾಗ ನೊರೀನಳಿಗೆ ಮೆಲ್ಲಗೆ, “ಬೇರೆ ಎಲ್ಲಾದ್ರೂ ಇರೋಕೆ ಜಾಗ ಇದ್ರೆ ನೋಡಿ” ಎಂದ.

ಜಾಗ ಎಲ್ಲೂ ಇರಲಿಲ್ಲ. ಟೆಸ್ಸಾಳ ಈ ವರ್ಷದ ಶಾಲೆ ಮುಗಿದ ಕೂಡಲೇ ಹೋಗುತ್ತೇವೆ ಎಂದು ನೊರೀನ್ ಹೇಳಿಬಿಟ್ಟಳು. ಅಂದಿನಿಂದ ಅವಳು ತನಗೂ ಮಗಳಿಗೂ ಬೇರೆ ಬೇಯಿಸತೊಡಗಿದಳು. ಫ್ರಿಜ್ಜಿನಲ್ಲಿ ಮೇಲಿನ ಅರೆ ಅತ್ತೆಯದು, ಕೆಳಗಿನದು ಇವರದು. ಬ್ರೋನ್ಯಾ ಮಾಡಿದ ಪಿಯೆರೋಗಿ ಕಡುಬುಗಳು ತಟ್ಟೆಯಲ್ಲೇ ಒಣಗಿದವು. ಟೆಸ್ಸಾ ಒಂದು ಸಲ ಕದ್ದು ತಿಂದಳು. ಅವಳು ತಿನ್ನುವುದನ್ನು ನೊರೀನ್ ನೋಡಿ ಸುಮ್ಮನೆ ಬೆನ್ನು ತಿರುಗಿಸಿದಳು. ಲೈಲ್‌ಗೆ ಇನ್ನು ಮೇಲೆ ಬರಬೇಡ, ಬಸ್ಸಿನಲ್ಲಿ ಹೋಗುತ್ತೇನೆ ಎಂದು ಹೇಳಿದಳು.

ಗಂಟೆ ಒಡೆದ ಮೇಲೆ ಡ್ವೇನ್‌ಗೆ ಏನೂ ಕಾಣದಾಯಿತು. ಆ ಭಾನುವಾರ ಅವನು ಮಗಳಿಗೆ ಫೋನು ಮಾಡಲಿಲ್ಲ.

ಮುಂದಿನ ವಾರ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಗುಂಡಿಯಿಲ್ಲ, ಪರದೆಯಿಲ್ಲ. ಬ್ರೋನ್ಯಾ ಎಂದಿನಂತೆ ಗೋಡೆ ಹಿಡಿದು ಬಂದು ತೆರೆದಳು. ಈ ಸಲ ಡ್ವೇನ್ ಹೊರಗೆ ನಿಲ್ಲಲಿಲ್ಲ. ಒಳಗೆ ಬಂದು, ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ, ತನ್ನ ಜಾಗದಲ್ಲಿ ಕೂತ.

“ಏನಿದೆ ತಿನ್ನೋಕೆ?”

“ಸೂಪಿದೆ. ಬಿಸಿ ಮಾಡ್ತೀನಿ. ನೀನು ಬರಬಾರದಿತ್ತು ಕಣೋ.”

“ಅವಳು ಎಷ್ಟೊತ್ತಿಗೆ ಬರ್ತಾಳೆ?”

“ಯಾರು?”

“ಗೊತ್ತಿಲ್ಲದ ಹಾಗೆ ಮಾತಾಡ್ಬೇಡ ಮಾ. ಅವನೂ ಜೊತೇಲಿ ಬರ್ತಾನಾ?”

“ಅವನು ಬರೋದು ಬಿಟ್ಟ.”

“ಸುಳ್ಳು.” ಅವನು ನಕ್ಕ. ಸಿಟ್ಟಿನ ನಗುವಲ್ಲ. ಬಹಳ ದಿನದ ಮೇಲೆ ನಿದ್ದೆ ಮಾಡಿ ಎದ್ದವನ ಹಾಗೆ ಶಾಂತವಾಗಿದ್ದ. ಬ್ರೋನ್ಯಾಳಿಗೆ ಹೆದರಿಕೆಯಾದದ್ದು ಆ ಶಾಂತಿಯಿಂದ. “ಪರವಾಗಿಲ್ಲ. ಇವತ್ತು ಕಾಯ್ತೀನಿ. ಎಲ್ಲ ಇವತ್ತೇ ಮುಗಿಯುತ್ತೆ. ಆಮೇಲೆ ಯಾರೂ ಯಾರನ್ನೂ ನೋಡೋ ಹಾಗಿರಲ್ಲ.”

ಅವಳು ಸೂಪು ಬಡಿಸಿದಳು. ಬ್ರೆಡ್ಡು ಕೊಯ್ದಿಟ್ಟಳು. ಕುರ್ಚಿಯ ಮೇಲಿನ ಕೋಟು ನೆಲಕ್ಕೆ ತಾಗುತ್ತಿತ್ತು. ಅವನು ಹುಡುಗನಾಗಿದ್ದಾಗಿನಿಂದಲೂ ತಾನು ಮಾಡುತ್ತಿದ್ದ ಹಾಗೆ ಅದನ್ನೆತ್ತಿ ಗೂಟಕ್ಕೆ ಹಾಕಲು ಹೋದಳು. ಒಂದು ಪಕ್ಕ ಜಗ್ಗಿತು. ಬಟ್ಟೆಯ ಮೇಲಿಂದಲೇ ಅವಳ ಕೈಗೆ ಪಿಸ್ತೂಲಿನ ಹಿಡಿ ಸಿಕ್ಕಿತು.

ಡ್ವೇನ್ ಬೆನ್ನು ಮಾಡಿ ಕೂತು ಸೂಪಿಗೆ ಬ್ರೆಡ್ಡು ಅದ್ದುತ್ತಿದ್ದ.

ಬ್ರೋನ್ಯಾ ಕೋಟನ್ನು ಗೂಟಕ್ಕೆ ಹಾಕಿದಳು. ಅದರೊಳಗಿನದನ್ನು ತೆಗೆದುಕೊಳ್ಳಬೇಕು ಎನಿಸಿತು. ತೆಗೆದು ಏನು ಮಾಡಬೇಕು, ಎಲ್ಲಿಡಬೇಕು? ಗಡಿಯಾರ ನೋಡಿದಳು. ಟೆಸ್ಸಾಳ ಶಾಲೆ ಬಿಟ್ಟಿರುತ್ತದೆ.

“ಬೀಟ್‌ರೂಟ್ ಉಪ್ಪಿನಕಾಯಿ ತರ್ತೀನಿ ಇರು. ಕೆಳಗಿದೆ.”

“ನಿನ್ನ ಸೊಂಟಕ್ಕೆ ಆ ಮೆಟ್ಟಿಲು ಯಾಕೆ? ನಾನು ಹೋಗ್ತೀನಿ.”

“ನೀನು ಉಣ್ಣು. ನಿಂಗೆ ಯಾವ ಜಾಡಿ ಅಂತ ಗೊತ್ತಾಗಲ್ಲ.”

ನೆಲಮಾಳಿಗೆಗೆ ಅವಳು ಇಳಿದು ವರ್ಷವೇ ಆಗಿತ್ತು. ಒಂದೊಂದು ಮೆಟ್ಟಿಲಿಗೂ ಕೂತು ಕೂತು ಇಳಿದಳು. ಏಪ್ರನ್ನಿನ ಜೇಬಿನಿಂದ ಫೋನು ತೆಗೆದು, ಬಟ್ಟೆ ಒಗೆಯುವ ಯಂತ್ರದ ಹಿಂದೆ ಗೋಡೆಗೆ ಮುಖ ಮಾಡಿ ನಿಂತು ಮೊದಲು ಸೊಸೆಗೆ ಮಾಡಿದಳು.

“ನೊರೀನ್. ಮನೆಗೆ ಬರ್ಬೇಡ. ಟೆಸ್ಸಾನ ತಡಿ, ಈಗ್ಲೇ ತಡಿ. ಅವನು ಇಲ್ಲಿದಾನೆ. ಕೋಟಲ್ಲಿ ಪಿಸ್ತೂಲಿದೆ.”

ಆ ಕಡೆಯಿಂದ ಬಂದ ಮಾತನ್ನು ಕೇಳಿಸಿಕೊಳ್ಳದೆ ಕತ್ತರಿಸಿದಳು. ಆಮೇಲೆ ಪೋಲೀಸರಿಗೆ ಮಾಡಿದಳು. ವಿಳಾಸ ಹೇಳಿದಳು.

“ಅವರು ನಿಮಗೇನಾಗಬೇಕು, ಅಮ್ಮಾ?”

“ಮಗ,” ಎಂದಳು. “ಊಟ ಮಾಡ್ತಿದಾನೆ. ಕೋಟು ಬಾಗಿಲ ಹತ್ರ ಗೂಟದಲ್ಲಿದೆ, ಅವನ ಮೈಮೇಲಿಲ್ಲ. ಗುಂಡು ಹಾರಿಸ್ಬೇಡಿ.”

ಜಾಡಿ ಹಿಡಿದು ಮೇಲೆ ಬಂದಳು. ಅವನೆದುರು ಕೂತು ಮುಚ್ಚಳ ತಿರುಗಿಸಲು ಹೋದಳು, ಆಗಲಿಲ್ಲ. ಅವನು ಇಸಿದುಕೊಂಡು ತೆರೆದುಕೊಟ್ಟ.

“ಯಾಕೆ ಹಿಂಗೆ ಬೆವರ್ತಾ ಇದೀಯ?”

“ಮೆಟ್ಟಿಲು.”

“ಹೇಳ್ದೆ ನಾನು.” ಅವನು ಬೀಟ್‌ರೂಟಿನ ಹೋಳೊಂದನ್ನು ಬಾಯಿಗೆ ಹಾಕಿಕೊಂಡ. “ಅಪ್ಪ ಇದ್ದಾಗಿನ ರುಚಿಯೇ ಇದೆ.”

ಅವಳು ಅವನ ತಟ್ಟೆಗೆ ಮತ್ತೊಂದು ಸೌಟು ಹಾಕಿದಳು. ಅವನು ಕೂತಿರಬೇಕು, ಏಳಬಾರದು. ಅವನ ಸಣ್ಣಂದಿನ ಮಾತು ತೆಗೆದಳು. ಸರೋವರ ಹೆಪ್ಪುಗಟ್ಟಿದಾಗ ಅಪ್ಪನ ಜೊತೆ ಮೀನು ಹಿಡಿಯಲು ಹೋಗಿ ಬೂಟು ಕಳಕೊಂಡದ್ದು ನೆನಪಿದೆಯಾ ಎಂದು ಕೇಳಿದಳು. ಅವನು ನೆನಪಿದೆ ಎಂದ. ಮತ್ತೆ ಮೀನಿನ ಬಗ್ಗೆ ಏನೋ ಹೇಳಲು ಹೊರಟ. ಅಷ್ಟರಲ್ಲಿ ಮುಂಬಾಗಿಲೂ ಹಿಂಬಾಗಿಲೂ ಒಟ್ಟಿಗೆ ತೆರೆದವು. ಮುಂಬಾಗಿಲ ಅಗುಳಿಯನ್ನು ಬ್ರೋನ್ಯಾ ಹಾಕಿಯೇ ಇರಲಿಲ್ಲ.

ಪೋಲೀಸರು ಅವನ ಮುಖವನ್ನು ಮೇಜಿಗೆ ಒತ್ತಿ ಹಿಡಿದು ಕೈಗಳನ್ನು ಹಿಂದಕ್ಕೆ ಕಟ್ಟಿದರು. ಸೂಪು ಚೆಲ್ಲಿ ಅವನ ಗಡ್ಡಕ್ಕೆ ಹತ್ತಿತು. ಅವನು ಒದ್ದಾಡಲಿಲ್ಲ. ತಾಯಿಯನ್ನೇ ನೋಡುತ್ತಿದ್ದ.

“ನೀನಾ ಮಾ?”

ಬ್ರೋನ್ಯಾ ಒಂದು ಬಟ್ಟೆ ತೆಗೆದುಕೊಂಡು ಅವನ ಗಡ್ಡ ಒರೆಸಲು ಹೋದಳು. ಪೋಲೀಸೊಬ್ಬ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಟೆಸ್ಸಾ ಮೂಲೆಯವರೆಗೆ ಬಂದುಬಿಟ್ಟಿದ್ದಳು. ಅಮ್ಮನ ಫೋನು ಬಂದಾಗ ಪಕ್ಕದ ಔಷಧಿ ಅಂಗಡಿಯೊಳಗೆ ಹೋಗಿ ನಿಂತಳು. ಅಪ್ಪನನ್ನು ಮೆಟ್ಟಿಲಿಳಿಸಿ, ತಲೆ ಬಗ್ಗಿಸಿ ಕಾರಿಗೆ ತುಂಬುವುದನ್ನು ಅಂಗಡಿಯ ಗಾಜಿನಿಂದ ನೋಡಿದಳು. ಕೋಟಿಲ್ಲದೆ ಅವನು ಚಳಿಗೆ ಹೆಗಲು ಮುದುರಿಕೊಂಡಿದ್ದ.

ಕೋರ್ಟಿನಲ್ಲಿ ಬ್ರೋನ್ಯಾ ಎಲ್ಲ ಹೇಳಿದಳು. ಗಂಟೆಗೆ ಪಾಸ್‌ವರ್ಡ್ ಓದಿ ಹೇಳಿದ್ದು, ಪೋಲೀಸು ಹುಡುಗನಿಗೆ ಸುಳ್ಳಾಡಿದ್ದು, ನವೆಂಬರಿನಲ್ಲಿ ಒಲೆಯ ಮುಂದೆ ನಿಂತು ನೋಡಿದ್ದು, ಎಲ್ಲ ಇವತ್ತೇ ಮುಗಿಯುತ್ತೆ ಎಂದು ಅವನು ಅಂದದ್ದು. ಡ್ವೇನ್‌ನ ವಕೀಲ, “ಮಗ ಊಟ ಕೇಳ್ಕೊಂಡು ಬಂದ ಅಷ್ಟೇ ಅಲ್ವಾ ಅಮ್ಮಾ?” ಎಂದಾಗ, “ಊಟಾನೂ ಕೇಳ್ದ” ಎಂದಳು. ಡ್ವೇನ್ ಮೇಜಿನ ಮೇಲಿನ ತನ್ನ ಕೈಗಳನ್ನು ನೋಡುತ್ತ ಕೂತಿದ್ದ. ಭುಜ ಮುರಿದದ್ದು, ಆದೇಶ ಮೀರಿದ್ದು, ಕೊಲ್ಲಲು ಬಂದದ್ದು ಎಲ್ಲ ಸೇರಿ ದೀರ್ಘ ಶಿಕ್ಷೆಯಾಯಿತು.

ಅದಕ್ಕೂ ಮೊದಲೇ ಶಾಲೆ ಮುಗಿದಿತ್ತು, ನೊರೀನ್ ಮನೆ ಬಿಟ್ಟಿರಲಿಲ್ಲ. ಇರು ಎಂದು ಅತ್ತೆ ಕೇಳಲಿಲ್ಲ, ಇರುತ್ತೇನೆ ಎಂದು ಇವಳು ಹೇಳಲಿಲ್ಲ. ಟೆಸ್ಸಾ ಒಂದು ದಿನ ಅರೆಗಳ ನಡುವಿನ ಭೇದ ಮರೆತವಳಂತೆ ಫ್ರಿಜ್ಜಿನ ಸಾಮಾನನ್ನೆಲ್ಲ ಬೆರೆಸಿಟ್ಟಳು. ಅದನ್ನು ಯಾರೂ ಬೇರೆ ಮಾಡಲಿಲ್ಲ. ಆದರೆ ಊಟದ ಹೊತ್ತಿಗೆ ಮೊದಲಿನಷ್ಟು ಮಾತಿರಲಿಲ್ಲ. ಉಪ್ಪು ಕೊಡಿ, ಬ್ರೆಡ್ಡು ಸಾಕು, ಅಷ್ಟೆ. ಟೆಸ್ಸಾ ಕಾಲೇಜು ಸೇರಲು ದೂರದ ಊರುಗಳ ಹೆಸರನ್ನೇ ಹೇಳುತ್ತಿದ್ದಳು.

ಜೈಲು ಊರಿನಿಂದ ದೂರ. ಬ್ರೋನ್ಯಾ ಬಸ್ಸು ಬದಲಾಯಿಸಿ ಬದಲಾಯಿಸಿ ಹೋಗುತ್ತಿದ್ದಳು, ಮಗ ಭೇಟಿಗೆ ಬರಲು ಒಪ್ಪುತ್ತಿರಲಿಲ್ಲ. ಒಂದು ಸಲ ಬಿಸಿಲಿಗೆ ಬಸ್‌ ನಿಲ್ದಾಣದಲ್ಲಿ ತಲೆಸುತ್ತಿ ಬಿದ್ದಳು. ಆಮೇಲಿಂದ ನೊರೀನ್, ರಿಪೇರಿಯಾದ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗತೊಡಗಿದಳು. ದಾರಿಯುದ್ದಕ್ಕೂ ರೇಡಿಯೋ ಹಾಕಿರುತ್ತಿದ್ದಳು. ಒಳಗೆ ಹೋಗುತ್ತಿರಲಿಲ್ಲ, ಗೇಟಿನ ಹೊರಗೆ ಕಾರಿನಲ್ಲೇ ಕೂತಿರುತ್ತಿದ್ದಳು.

ಮರುವರ್ಷ ಆಗಸ್ಟಿನ ಒಂದು ಶನಿವಾರ ಅತ್ತೆ ಬೇಗ ಹೊರಗೆ ಬರಲಿಲ್ಲ. ಬಂದಾಗ ನಡಿಗೆ ಇನ್ನಷ್ಟು ನಿಧಾನವಾಗಿತ್ತು. ನೊರೀನ್ ಇಳಿದು ಬಾಗಿಲು ತೆರೆದು, ತೋಳು ಹಿಡಿದು ಕೂರಿಸಿ, ಸೀಟಿನ ಪಟ್ಟಿ ಹಾಕಿದಳು.

“ಬಂದಿದ್ದ,” ಎಂದಳು ಬ್ರೋನ್ಯಾ.

ನೊರೀನ್ ಕಾರು ಶುರು ಮಾಡಲಿಲ್ಲ.

“ಸಣ್ಣಗಾಗಿದಾನೆ. ನನ್ನ ಜೊತೆ ಮಾತಾಡ್ಲಿಲ್ಲ. ಗಾಜಿನ ಆ ಕಡೆ ಕೂತು ನೋಡ್ತಾನೇ ಇದ್ದ. ಹೋಗೋಕೆ ಮುಂಚೆ ಒಂದೇ ಮಾತು ಕೇಳ್ದ.”

“ಏನಂತ?”

“ನೊರೀನ್ ಇನ್ನೂ ಅದೇ ಮನೇಲಿದಾಳಾ ಅಂತ.”

ಹೊರಗೆ ಬಿಸಿಲು ಡಾಂಬರಿನ ಮೇಲೆ ನಡುಗುತ್ತಿತ್ತು. ಭೇಟಿಗೆ ಬಂದ ಇನ್ನೊಂದು ಸಂಸಾರ ಮಕ್ಕಳನ್ನು ಎಳೆದುಕೊಂಡು ಗೇಟಿನ ಕಡೆ ನಡೆಯಿತು.

“ನೀವೇನಂದ್ರಿ?”

“ಇಲ್ಲ ಅಂದೆ. ಬಿಟ್ಟು ಹೋದ್ಲು, ಎಲ್ಲಿಗೆ ಅಂತ ಹೇಳ್ಲಿಲ್ಲ ಅಂದೆ.” ಬ್ರೋನ್ಯಾ ಮಡಿಲಲ್ಲಿನ ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೇಳಿದಳು: “ನಾನು ಬದುಕಿರೋವಾಗ ಅವನು ಹೊರಗೆ ಬರಲ್ಲ, ಅಲ್ವಾ?”

ನೊರೀನ್ ಸುಳ್ಳು ಹೇಳಬಹುದಿತ್ತು. “ಬರಲ್ಲ ಮಾ,” ಎಂದಳು.

“ಒಳ್ಳೇದೇ ಆಯ್ತು,” ಎಂದಳು ಬ್ರೋನ್ಯಾ.

ಹಾಗೆಂದವಳು ಕಿಟಕಿಯ ಕಡೆ ಮುಖ ಮಾಡಿಕೊಂಡು, ಬಾಯಿಗೆ ಕರವಸ್ತ್ರವಿಲ್ಲದೆ, ಕೈ ಅಡ್ಡವಿಲ್ಲದೆ, ಗಟ್ಟಿಯಾಗಿ ಅಳತೊಡಗಿದಳು. ನೊರೀನ್ ರೇಡಿಯೋ ಹಾಕಲಿಲ್ಲ. ಅಳು ನಿಲ್ಲುವವರೆಗೂ ಕಾದು, ಕಾರನ್ನು ರಸ್ತೆಗೆ ತಿರುಗಿಸಿದಳು.